ತೆರೆಮರೆಯ ಕೈಂಕರ್ಯ

ಒಂದು ಸತ್ಸಂಗ ನೆರೆಯಬೇಕಾದರೆ ಅದರಲ್ಲಿ ಕುಳಿತುಕೊಳ್ಳದ ಕೆಲವರು ಬೇಕು. ಚಪ್ಪರದೊಳಗೆ ಪ್ರವಚನ ನಡೆಯುತ್ತಿರುವಾಗ ಹಿತ್ತಲಿನ ಕೊಪ್ಪರಿಗೆಯ ಬಳಿ ಹೊಗೆಯುಂಡು ನಿಂತ ಅಡಿಗೆಯವನಾಗಲಿ, ಬಾಗಿಲಲ್ಲಿ ಚಪ್ಪಲಿಗಳ ರಾಶಿಯನ್ನು ಕಾಯುವ ಹುಡುಗನಾಗಲಿ, ತಡವಾಗಿ ಬಂದ ಮುದುಕಿಗೆ ಗೋಡೆಗೊರಗುವ ಜಾಗವನ್ನು ಹುಡುಕಿಕೊಡುವ ಹೆಂಗಸಾಗಲಿ ಉಪನ್ಯಾಸದ ಒಂದು ವಾಕ್ಯವನ್ನಾದರೂ ಪೂರ್ತಿಯಾಗಿ ಕೇಳಿರುವುದು ಸಂದೇಹ. ಆದರೂ ಅವರಿಲ್ಲದೆ ಅಲ್ಲಿ ಉಪನ್ಯಾಸವೂ ಇಲ್ಲ, ಸಭೆಯೂ ಇಲ್ಲ. ಈಗ ಅಂತಹ ಸಭೆಗಳಲ್ಲಿ ಎಷ್ಟೋ ಅಂಗೈಯೊಳಗಣ ಫೋನಿಗೆ ಬಂದು ಸೇರಿವೆ. ಅಲ್ಲಿ ಕೊಪ್ಪರಿಗೆಯಿಲ್ಲ, ಚಪ್ಪಲಿಯ ರಾಶಿಯಿಲ್ಲ, ಒರಗುವುದಕ್ಕೆ ಗೋಡೆಯೂ ಇಲ್ಲ. ಹಾಗಾದರೆ ಹಿಂದುಗಡೆ ನಿಲ್ಲುತ್ತಿದ್ದ ಆ ಜನ ಎಲ್ಲಿಗೆ ಹೋದರು? ಅವರು ಎಲ್ಲಿಗೂ ಹೋಗಲಿಲ್ಲ. ಅವರ ಕೆಲಸ ಕಡಮೆಯಾಗಲೂ ಇಲ್ಲ. ಕೆಲಸದ ರೂಪ ಮಾತ್ರ ಬದಲಾಗಿ, ಮೊದಲಿಗಿಂತಲೂ ಸೂಕ್ಷ್ಮವಾಗಿ, ಮೊದಲಿಗಿಂತಲೂ ಕಣ್ಣಿಗೆ ಬೀಳದ್ದಾಗಿ ಪರಿಣಮಿಸಿದೆ.

ಮೈಸೂರಿನ ಪಡುವಲಿಗೆ ಹಬ್ಬಿರುವ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳು ಹೊಗೆಸೊಪ್ಪಿಗೂ ಬತ್ತಕ್ಕೂ ಕಾಡಿಗೂ ಹೆಸರಾದುವೇ ಹೊರತು ಕಂಪ್ಯೂಟರಿಗೆ ಹೆಸರಾದುವಲ್ಲ. ಆದರೆ ಚದುರಿದ ಭಕ್ತಸಮುದಾಯವನ್ನು ಯಂತ್ರದ ಮೂಲಕ ಕೂಡಿಸಿಡುವ ಈ ಹೊಸ ಸೇವೆಯನ್ನು ಅರಿಯಲು ಬೇಕಾದ ನಿದರ್ಶನಗಳೆಲ್ಲ ಇಲ್ಲಿಯೇ ದೊರೆಯುತ್ತವೆ. ಕೃಷ್ಣರಾಜನಗರದಲ್ಲಿ ಸಹಸ್ರಾರು ಕಂಠಗಳನ್ನು ಒಂದು ಸ್ತೋತ್ರಕ್ಕೆ ಕೂಡಿಸಿದ ಮಠವುಂಟು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿಯೂ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ, ನಾಡನ್ನು ಕಳೆದುಕೊಂಡು ಗ್ರಂಥಗಳನ್ನು ಉಳಿಸಿಕೊಂಡ ಟಿಬೆಟ್ಟಿನ ವಿಹಾರಗಳುಂಟು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಅಧ್ಯಾತ್ಮದ ಮಾತು ಕಟ್ಟಕಡೆಗೆ ಯಾರ ಮನೆಬಾಗಿಲಿಗೆ ಹೋಗಿ ನಿಲ್ಲಬೇಕೆಂಬುದನ್ನು ತೋರಿಸಿಕೊಟ್ಟ ಸೇವಾಸಂಸ್ಥೆಯುಂಟು.

ಮೊದಲು ಹಳೆಯ ಕಥೆಯೊಂದು. ಹಿಂದೆ ಕೃಷ್ಣರಾಜನಗರಕ್ಕೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸಾಲಿಗ್ರಾಮದಲ್ಲಿ ಶ್ರೀಪಾದತೀರ್ಥವೆಂಬ ತೀರ್ಥವುಂಟು. ರಾಮಾನುಜಾಚಾರ್ಯರು ಕನ್ನಡನಾಡಿಗೆ ಬಂದಾಗ ಇಲ್ಲಿ ಕೆಲಕಾಲ ತಂಗಿದ್ದರೆಂದೂ, ಈ ಊರಿನ ವಡುಗನಂಬಿ ಅವರ ಶಿಷ್ಯನಾದನೆಂದೂ ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ಆಂಧ್ರಪೂರ್ಣನೆಂದು ಸಂಸ್ಕೃತದಲ್ಲಿ ಹೆಸರಾದ ಈ ಶಿಷ್ಯ ಪಾಂಡಿತ್ಯಕ್ಕಿಂತ ಮಿಗಿಲಾಗಿ ಕೈಂಕರ್ಯಕ್ಕೆ ಪ್ರಸಿದ್ಧ. ಶ್ರೀರಂಗದಲ್ಲಿ ಒಮ್ಮೆ ರಂಗನಾಥನ ಉತ್ಸವ ಮಠದ ಬಾಗಿಲಿಗೇ ಬಂದಾಗ, ಒಳಗೆ ಹಾಲು ಕಾಯಿಸುತ್ತಿದ್ದ ಶಿಷ್ಯನನ್ನು ಆಚಾರ್ಯರು ದರ್ಶನಕ್ಕೆ ಕೂಗಿ ಕರೆದರಂತೆ. ಅವರ ದೇವರನ್ನು ನೋಡಲು ತಾನು ಎದ್ದುಬಂದರೆ ತನ್ನ ದೇವರಿಗೆಂದು ಕಾಯಿಸುತ್ತಿರುವ ಹಾಲು ಉಕ್ಕಿಹೋದೀತೆಂದು ಅವನು ಒಲೆಯ ಮುಂದಿನಿಂದ ಅಲುಗಲಿಲ್ಲವಂತೆ. ಗುರುಭಕ್ತಿಯ ಪರಾಕಾಷ್ಠೆಗೆ ಈ ಕಥೆಯನ್ನು ಉದಾಹರಿಸುವುದು ವಾಡಿಕೆ. ಸ್ವಯಂಸೇವೆಯ ಲಕ್ಷಣವನ್ನು ಹೇಳುವುದಕ್ಕೂ ಇದಕ್ಕಿಂತ ಉಚಿತವಾದ ಕಥೆ ಸಿಕ್ಕುವುದು ಕಷ್ಟ. ದರ್ಶನದ ಸುಖವನ್ನು ಯಾರೋ ಒಬ್ಬರು ಬಿಟ್ಟುಕೊಟ್ಟಾಗಲೇ ಉಳಿದವರಿಗೆ ದರ್ಶನವಾಗಿ ಬಂದ ಮೇಲೆ ಹಾಲೂ ಇರುವುದು.

ಕೃಷ್ಣರಾಜನಗರ, ಪ್ರವಾಹಕ್ಕೆ ಸಿಕ್ಕಿ ನೊಂದ ಕಾವೇರೀತೀರದ ಹಳೆಯ ಎಡತೊರೆಯನ್ನು ಬಿಟ್ಟು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಹೊಸದಾಗಿ ಕಟ್ಟಿದ ಊರು. ಹಳೆಯ ಹೆಸರನ್ನು ಅರ್ಕೇಶ್ವರನ ಗುಡಿಯಂತೆಯೇ ಎಡತೊರೆಯ ಯೋಗಾನಂದೇಶ್ವರ ಸರಸ್ವತೀ ಮಠವೂ ಉಳಿಸಿಕೊಂಡಿದೆ. ಈ ಮಠದ ಶ್ರೀ ಶಂಕರಭಾರತೀ ಸ್ವಾಮಿಗಳ ಪ್ರೇರಣೆಯಿಂದ, ವೇದಾಂತ ಭಾರತೀ ಎಂಬ ಸಂಸ್ಥೆಯ ಮೂಲಕ, ಶಂಕರರದೆಂದು ಪ್ರಸಿದ್ಧವಾದ ಸೌಂದರ್ಯಲಹರಿಯ ನೂರು ಶ್ಲೋಕಗಳನ್ನು ಸಾಮಾನ್ಯ ಗೃಹಸ್ಥರಿಗೂ ಗೃಹಿಣಿಯರಿಗೂ ಕಲಿಸಿ ಸಾಮೂಹಿಕವಾಗಿ ಪಾರಾಯಣ ಮಾಡಿಸುವ ಪದ್ಧತಿ ಊರೂರಿಗೆ ಹಬ್ಬಿತು. 2017ರ ಅಕ್ಟೋಬರ್ 29ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಪ್ರಧಾನಮಂತ್ರಿಗಳ ಸಮಕ್ಷಮದಲ್ಲಿ ನಡೆದ ಪಾರಾಯಣೋತ್ಸವ ಅದರ ದೊಡ್ಡ ಪ್ರದರ್ಶನ. ಶಾಲೆಯ ಮಕ್ಕಳಿಗೆ ಪ್ರಶ್ನೋತ್ತರರತ್ನಮಾಲಿಕೆಯಿಂದ ಆಯ್ದ ಭಾಗಗಳನ್ನು ಕಲಿಸುವ 'ವಿವೇಕದೀಪಿನೀ' ಅದೇ ಸಂಸ್ಥೆಯ ಇನ್ನೊಂದು ಕೆಲಸ. ಮೈದಾನದ ಮಹಾಸಭೆಯನ್ನು ಪತ್ರಿಕೆಗಳು ವರ್ಣಿಸುತ್ತವೆ. ಆದರೆ ಇಂತಹ ಸಭೆಯ ಬೇರಿರುವುದು ಮನೆಯ ನಡುಮನೆಯಲ್ಲಿ, ದೇವಸ್ಥಾನದ ಜಗುಲಿಯಲ್ಲಿ, ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬಂದ ಹತ್ತಿಪ್ಪತ್ತು ಜನಕ್ಕೆ ಸಂಭಾವನೆಯ ಮಾತಿಲ್ಲದೆ ಒಂದೊಂದೇ ಪಾದವನ್ನು ಹೇಳಿಕೊಡುವ ಹೆಂಗಸಿನ ತಾಳ್ಮೆಯಲ್ಲಿ.

2020ರ ಮಾರ್ಚ್ ತಿಂಗಳಿನಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕರ್ನಾಟಕದ ಪಾರಾಯಣ ಗುಂಪುಗಳೂ ಭಜನಾ ಮಂಡಳಿಗಳೂ ಗೀತಾ ತರಗತಿಗಳೂ ಝೂಮ್, ಗೂಗಲ್ ಮೀಟ್, ಯೂಟ್ಯೂಬ್ ಎಂಬ ಹೊಸ ಜಗುಲಿಗಳನ್ನು ಹುಡುಕಿಕೊಂಡುವು. ಆಗ ಮೊಟ್ಟಮೊದಲು ಎದುರಾದ ತೊಡಕು ಶ್ರದ್ಧೆಯದಲ್ಲ, ಶಬ್ದದ್ದು. ಸೌಂದರ್ಯಲಹರಿಯ ವೃತ್ತ ಶಿಖರಿಣಿ. ಪಾದಕ್ಕೆ 17 ಅಕ್ಷರ, ಆರನೆಯ ಅಕ್ಷರದ ಮೇಲೆ ಯತಿ. ಒಂದು ಹಜಾರದಲ್ಲಿ ನೂರು ಜನ ಹೇಳುವಾಗ ಆ ಯತಿಯಲ್ಲಿ ಎಲ್ಲರ ಉಸಿರೂ ಒಮ್ಮೆಗೇ ನಿಂತು ಒಮ್ಮೆಗೇ ಮುಂದುವರಿಯುತ್ತದೆ. ಫೋನಿನಲ್ಲಿ ಇದು ಸಾಧ್ಯವಿಲ್ಲ. ಧ್ವನಿ ಅಲ್ಲಿ ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಎಲ್ಲಿಯೋ ಇರುವ ಸರ್ವರಿಗೆ ಹೋಗಿ ತಿರುಗಿ ಬರಬೇಕಾದುದರಿಂದ, ಒಬ್ಬೊಬ್ಬರ ಸ್ವರವೂ ಕ್ಷಣದ ಒಂದೊಂದು ಅಂಶದಷ್ಟು ಹಿಂದುಮುಂದಾಗಿ ತಲಪುತ್ತದೆ. ನೂರು ಜನ ಒಟ್ಟಿಗೆ ಬಾಯಿ ತೆರೆದರೆ ಕೇಳುವುದು ಪಾರಾಯಣವಲ್ಲ, ಸಂತೆ. ಆದಕಾರಣ ಒಬ್ಬರು ಹೇಳಬೇಕು, ಉಳಿದವರೆಲ್ಲರ ಮೈಕನ್ನೂ ಮುಚ್ಚಿಡಬೇಕು. ಪ್ರತಿಯೊಬ್ಬರಿಗೂ ಮುಂದಾಳಿನ ಸ್ವರ ಒಂದು, ತನ್ನ ಸ್ವರ ಒಂದು, ಎರಡೇ ಕೇಳುತ್ತವೆ. ಮಿಕ್ಕವರು ಹೇಳುತ್ತಿದ್ದಾರೆಂಬುದನ್ನು ನಂಬಿಕೊಳ್ಳಬೇಕು. ಕೂಡಿ ಹಾಡುವ ಸಂತೋಷದಲ್ಲಿ ಅರ್ಧ ಪಾಲು ಇಲ್ಲಿ ನಷ್ಟವಾಯಿತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ನಷ್ಟವಾಗದೆ ಉಳಿದ ಅರ್ಧವನ್ನು ಕಾಪಾಡಿದವರು, 'ಹೋಸ್ಟ್' ಎಂಬ ಹೊಸ ಹೆಸರಿನ ಸ್ವಯಂಸೇವಕರು.

ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಬಗೆ ತಿಳಿಯುತ್ತದೆ. ಹಿಂದಿನ ಸಂಜೆಯೇ ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಕಳಿಸಬೇಕು. ಬೆಳಿಗ್ಗೆ ಮತ್ತೊಮ್ಮೆ ಕಳಿಸಬೇಕು, ಏಕೆಂದರೆ ಅಷ್ಟು ಹೊತ್ತಿಗೆ ಅದು ಶುಭೋದಯದ ಚಿತ್ರಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ತರಗತಿ ತೊಡಗುವ ಕಾಲು ಗಂಟೆ ಮುಂಚೆ ಬಂದು, ಹೊರಗೆ ಕಾದಿರುವವರಲ್ಲಿ ಪರಿಚಿತರಾರು, ತಂಟೆಗೆ ಬಂದವರಾರು ಎಂದು ನೋಡಿ ಒಬ್ಬೊಬ್ಬರನ್ನೇ ಒಳಗೆ ಬಿಡಬೇಕು. ಶ್ಲೋಕದ ಪುಟವನ್ನು ತೆರೆಯ ಮೇಲೆ ತೋರಿಸಿ ಸರಿಯಾದ ಹೊತ್ತಿಗೆ ಕೆಳಕ್ಕೆ ಸರಿಸಬೇಕು. ಕುಕ್ಕರಿನ ಸೀಟಿಯೂ ಮೊಮ್ಮಗನ ಅಳುವೂ ಯಾರ ಮನೆಯಿಂದ ಬರುತ್ತಿವೆಯೆಂದು ಪತ್ತೆಮಾಡಿ, ಆ ಮನೆಯವರು ನೊಂದುಕೊಳ್ಳದ ಹಾಗೆ ಮೈಕನ್ನು ಮುಚ್ಚಬೇಕು. ಇಷ್ಟರ ನಡುವೆ ಒಬ್ಬ ಅಜ್ಜಿ ಫೋನು ಮಾಡುತ್ತಾರೆ. "ಅಜ್ಜೀ, ಕೆಳಗಡೆ ಮೈಕಿನ ಗುರುತು ಕಾಣ್ತದಲ್ಲ, ಅದನ್ನ ಒಂದ್ಸಲ ಮುಟ್ಟಿ" ಎಂದರೆ, "ನಂಗೇನೂ ಕಾಣ್ತಿಲ್ಲ ಕಣಮ್ಮ, ಬರೀ ನನ್ನ ಮೊಖವೇ ಕಾಣ್ತದೆ" ಎಂಬ ಉತ್ತರ ಬರುತ್ತದೆ. ಅಧ್ಯಾತ್ಮದ ದೃಷ್ಟಿಯಿಂದ ಆ ಉತ್ತರ ಎಷ್ಟೇ ಗಂಭೀರವಾದುದಾಗಿರಲಿ, ಹೋಸ್ಟ್ ಆದವಳಿಗೆ ಆ ಹೊತ್ತಿನಲ್ಲಿ ಅದನ್ನು ಮನನ ಮಾಡುವಷ್ಟು ಪುರಸೊತ್ತಿಲ್ಲ. ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳಿದ್ದಾಳೆಯೇ ಎಂದು ವಿಚಾರಿಸಿ, ಅವಳ ಕೈಗೆ ಫೋನು ಕೊಡಿಸಿ, ಅಜ್ಜಿಯನ್ನು ಮುಂದಿನ ಶ್ಲೋಕಕ್ಕೆ ಸೇರಿಸುವುದೇ ಅವಳ ಆ ಹೊತ್ತಿನ ಉಪಾಸನೆ.

ಯಂತ್ರದ ಸ್ವಭಾವವನ್ನು ಅರಿತಿರುವುದೂ ಈ ಸೇವೆಯ ಒಂದು ಅಂಗ. ಭಜನೆಯಲ್ಲಿ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಎಡೆಬಿಡದೆ ನುಡಿಯುತ್ತಿದ್ದರೆ, ಸಭೆಯ ತಂತ್ರಾಂಶ ಅದನ್ನು ಫ್ಯಾನಿನ ಸದ್ದೆಂದು ಭಾವಿಸಿ ಅಳಿಸಿಹಾಕುತ್ತದೆ. ಸಂಗೀತಕ್ಕೆ ಆಧಾರವಾದ ನಾದವೇ ಅದರ ಪಾಲಿಗೆ ಗಲಾಟೆ. ಅದಕ್ಕಾಗಿ ಝೂಮಿನಲ್ಲಿ 'ಒರಿಜಿನಲ್ ಸೌಂಡ್' ಎಂಬ ಒಂದು ಏರ್ಪಾಡುಂಟು; ಅದನ್ನು ಹಾಡುವವರ ಫೋನಿನಲ್ಲಿ ತೆರೆಯಿಸಬೇಕು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿರುವ ಗ್ಯುದ್ಮೆದ್ ತಾಂತ್ರಿಕ ವಿಹಾರದ ಭಿಕ್ಷುಗಳು ಎದೆಯಾಳದ ಮಂದ್ರದಲ್ಲಿ ಮಂತ್ರಪಠನ ಮಾಡುವ ಕ್ರಮ ಜಗತ್ಪ್ರಸಿದ್ಧವಾದುದು; ಒಂದೇ ಕಂಠದಿಂದ ಮೂಲಸ್ವರವೂ ಅದರ ಮೇಲಣ ಅನುಸ್ವರವೂ ಒಟ್ಟಿಗೆ ಹೊಮ್ಮುವ ಆ ಘೋಷವನ್ನು ಅಂಗೈಯಗಲದ ಫೋನಿನ ಸ್ಪೀಕರಿನಲ್ಲಿ ಕೇಳಿ ತೃಪ್ತರಾಗುವವರು, ಅಲ್ಲಿಗೆ ಹೋಗಿ ಒಮ್ಮೆ ಕೇಳುವುದು ಅಗತ್ಯ. ತೆರೆ ಯಾವುದನ್ನು ಸಾಗಿಸಬಲ್ಲದು, ಯಾವುದನ್ನು ಸಾಗಿಸಲಾರದು ಎಂಬ ವಿವೇಕ ಸ್ವಯಂಸೇವಕನಿಗಿದ್ದರೆ ಸಮುದಾಯಕ್ಕೂ ಅದು ಬರುತ್ತದೆ.

ಗುರುಪುರದ ಮತ್ತು ಬೈಲುಕುಪ್ಪೆಯ ಕಥೆ ಇನ್ನೊಂದು ಕಾರಣಕ್ಕೂ ಇಲ್ಲಿ ಪ್ರಸ್ತುತ. 1959ರಲ್ಲಿ ದಲೈಲಾಮಾ ಅವರೂ ಅವರ ಹಿಂದೆ ಸಹಸ್ರಾರು ಟಿಬೆಟ್ಟಿಗರೂ ಭಾರತಕ್ಕೆ ಬಂದ ತರುವಾಯ, ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲುಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುನೆಲವನ್ನು ಕೊಟ್ಟಿತು. 1961ರ ವೇಳೆಗೆ ಅಲ್ಲಿ ಮೊದಲ ವಸತಿ ನೆಲೆಗೊಂಡಿತು. 1963ರಲ್ಲಿ ಪೆನೊರ್ ರಿಂಪೋಚೆಯವರು ಬೆರಳೆಣಿಕೆಯ ಭಿಕ್ಷುಗಳೊಡನೆ ನಾಮ್‌ಡ್ರೊಲಿಂಗ್ ವಿಹಾರವನ್ನು ಆರಂಭಿಸಿದರು. ಇಂದು ಪ್ರವಾಸಿಗರು 'ಗೋಲ್ಡನ್ ಟೆಂಪಲ್' ಎಂದು ಕರೆಯುವುದು ಅದೇ ವಿಹಾರದ ದೇಗುಲವನ್ನು. ಲ್ಹಾಸಾದ ಬಳಿ 1419ರಲ್ಲಿ ಸ್ಥಾಪಿತವಾಗಿದ್ದ ಸೆರಾ ಮಹಾವಿಹಾರ, ಸುಮಾರು 300 ಭಿಕ್ಷುಗಳೊಡನೆ, 1970ರಲ್ಲಿ ಇಲ್ಲಿ ಪುನಃ ಪ್ರತಿಷ್ಠಿತವಾಯಿತು. ಬೆಟ್ಟಗಳನ್ನು ದಾಟಿ ಬಂದವರು ಹೊತ್ತು ತಂದುದರಲ್ಲಿ ಪುಸ್ತಕಗಳು ಕೆಲವೇ. ಹಿಂದೆ ಉಳಿದುವು ಅಪಾರ. ಧರ್ಮಸಮುದಾಯವೊಂದು ಚದುರಿಹೋದಾಗ ಅದನ್ನು ಮತ್ತೆ ಕೂಡಿಸುವುದು ಗ್ರಂಥ. ಆ ಗ್ರಂಥವೇ ಚದುರಿಹೋದರೆ?

ಆ ಪ್ರಶ್ನೆಗೆ ದೊರೆತ ಉತ್ತರ ವಿಚಿತ್ರವಾದ ದಾರಿಯಿಂದ ಬಂದಿತು. ಅಮೆರಿಕ ಭಾರತಕ್ಕೆ ಕಳಿಸುತ್ತಿದ್ದ ಗೋಧಿಯ ಬೆಲೆಯನ್ನು ರೂಪಾಯಿಗಳಲ್ಲಿ ಪಡೆದು ಇಲ್ಲಿಯೇ ವ್ಯಯಿಸಬಹುದೆಂದು ಪಿ.ಎಲ್. 480 ಎಂಬ ಕಾನೂನಿನಲ್ಲಿ ಏರ್ಪಾಡಾಗಿತ್ತು. ಅದರ ಒಂದು ಭಾಗದಿಂದ ಭಾರತದ ಪುಸ್ತಕಗಳನ್ನು ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸುತ್ತಿದ್ದರು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ದೆಹಲಿ ಕಚೇರಿಗೆ 1968ರಲ್ಲಿ ಸೇರಿದ ಜೀನ್ ಸ್ಮಿತ್ ಎಂಬ ವಿದ್ವಾಂಸರು, ನಿರಾಶ್ರಿತರ ಬಳಿ ಉಳಿದಿದ್ದ ಅಪೂರ್ವ ಗ್ರಂಥಗಳು ಮುದ್ರಣವಾಗುವುದಕ್ಕೆ ಈ ಹಣವನ್ನೇ ಸಾಧನವಾಗಿ ಮಾಡಿಕೊಂಡರು. ಬೈಲುಕುಪ್ಪೆಯ ಹೆಸರನ್ನು ಪ್ರಕಟನಸ್ಥಳವಾಗಿ ಹೊತ್ತ ಟಿಬೆಟನ್ ಗ್ರಂಥಗಳು ಹೀಗೆ ಜಗತ್ತಿನ ದೊಡ್ಡ ಗ್ರಂಥಾಲಯಗಳನ್ನು ಸೇರಿದುವು. ಮುಂದೆ 1999ರಲ್ಲಿ ಅದೇ ಸ್ಮಿತ್ ಸ್ಥಾಪಿಸಿದ ಟಿಬೆಟನ್ ಬುದ್ಧಿಸ್ಟ್ ರಿಸೋರ್ಸ್ ಸೆಂಟರ್ ಅವುಗಳ ಪುಟಪುಟವನ್ನೂ ಅಂತರಜಾಲಕ್ಕೆ ತಂದಿತು. ಅದಕ್ಕೂ ಮೊದಲು, 1980ರ ದಶಕದ ಕೊನೆಯ ಹೊತ್ತಿಗೇ, ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ಸೆರಾ ಮೇ ವಿಹಾರದ ಭಿಕ್ಷುಗಳು ಕಂಪ್ಯೂಟರಿನ ಮುಂದೆ ಕುಳಿತು ಶಾಸ್ತ್ರಗ್ರಂಥಗಳನ್ನು ಬೆರಳಚ್ಚಿಸತೊಡಗಿದ್ದರು. ಆ ಪಠ್ಯಗಳು ಫ್ಲಾಪಿ ಡಿಸ್ಕುಗಳಲ್ಲಿ ದೇಶದೇಶಗಳ ಅಧ್ಯಯನಶೀಲರಿಗೆ ಹೋದುವು. ನಮ್ಮ ಊರುಗಳಲ್ಲಿ ಟೆಲಿಫೋನು ಅಪರೂಪವಾಗಿದ್ದ ಕಾಲದಲ್ಲಿ ಪಿರಿಯಾಪಟ್ಟಣದ ಸೀಮೆಯ ಒಂದು ಕೋಣೆಯಲ್ಲಿ ಇಂತಹ ಕೆಲಸ ನಡೆದಿತ್ತೆಂಬುದು, ಹೊಸತೆಲ್ಲ ನಗರದಿಂದಲೇ ಬರುವುದೆಂದು ತಿಳಿದವರು ಗಮನಿಸತಕ್ಕ ಸಂಗತಿ.

ಇಂದು ದಲೈಲಾಮಾ ಧರ್ಮಶಾಲಾದಲ್ಲಿಯೋ, 2025ರ ಆರಂಭದಲ್ಲಿ ತಂಗಿದ್ದಂತೆ ಬೈಲುಕುಪ್ಪೆಯಲ್ಲಿಯೋ ಇದ್ದು ಟಿಬೆಟನ್ ಭಾಷೆಯಲ್ಲಿ ಉಪದೇಶಿಸಿದರೆ, ನೇರಪ್ರಸಾರದಲ್ಲಿ ಅದು ಇಂಗ್ಲಿಷ್, ಚೀನೀ, ಹಿಂದಿ ಮೊದಲಾದ ಹಲವು ಭಾಷೆಗಳಲ್ಲಿ ಒಡನೊಡನೆ ಕೇಳಿಬರುತ್ತದೆ. ಗುರು ಒಂದು ವಾಕ್ಯವನ್ನು ಹೇಳುತ್ತಿರುವಾಗಲೇ ಅದಕ್ಕಿಂತ ಹಿಂದಿನ ವಾಕ್ಯವನ್ನು ತನ್ನ ಭಾಷೆಗೆ ತಿರುಗಿಸುತ್ತಿರುವ ದುಭಾಷಿಗೆ, ಕೇಳಿದುದನ್ನು ಹೃದಯಕ್ಕೆ ಇಳಿಸಿಕೊಳ್ಳುವ ಅವಕಾಶವೇ ಇಲ್ಲ. ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಕೇಳುವವನು ಅವನು. ತನಗಾಗಿ ಎಲ್ಲರಿಗಿಂತ ಕಡಮೆ ಕೇಳಿಕೊಳ್ಳುವವನೂ ಅವನೇ.

ಗ್ರಂಥವನ್ನು ಪ್ರತಿಮಾಡಿ ಹಂಚುವುದು ಪುಣ್ಯಕಾರ್ಯವೆಂಬ ಭಾವನೆ ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. ಜೈನರು ಇದನ್ನು ಶಾಸ್ತ್ರದಾನವೆಂದು ಕರೆದರು. ಅವಳ ಹೆಸರು ನಮಗೆ ಗೊತ್ತು. ಕಂಟವೆಂಬ ಲೋಹದ ಲೇಖನಿಯನ್ನು ಹಿಡಿದು ಓಲೆಯ ಮೇಲೆ ಕೊರೆದ ಲಿಪಿಕಾರರಲ್ಲಿ ಒಬ್ಬನ ಹೆಸರೂ ನಮಗೆ ಬರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ವಚನಗಳ ಓಲೆಕಟ್ಟುಗಳನ್ನು ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಅವರ ಶ್ರಮದ ತಳಹದಿಯ ಮೇಲೆ ಬೆಳೆದ ವಚನಸಾಹಿತ್ಯವನ್ನು ರಾಜ್ಯ ಸರ್ಕಾರ 15 ಸಂಪುಟಗಳಲ್ಲಿ ಪ್ರಕಟಿಸಿತು. ಆ ಸಂಪುಟಗಳ 20,000ಕ್ಕೂ ಮಿಕ್ಕ ವಚನಗಳನ್ನು ಯಾರು ಬೇಕಾದರೂ ಪದ ಹಿಡಿದು ಹುಡುಕಬಹುದಾದಂತೆ ಅಂತರಜಾಲದಲ್ಲಿ ಅಣಿಗೊಳಿಸಿದ 'ವಚನ ಸಂಚಯ', ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಮೊದಲಾದ ಸಾಹಿತಿಗಳೂ ಓಂಶಿವಪ್ರಕಾಶ್ ಮೊದಲಾದ ತಂತ್ರಜ್ಞರೂ ಕೂಡಿ ಸ್ವಂತ ಆಸಕ್ತಿಯಿಂದ ಕಟ್ಟಿದ್ದು. ಸಂಸ್ಕೃತ ಸ್ತೋತ್ರಗಳಿಗೂ ಇಂತಹ ಬೆಂಬಲವುಂಟು: ಸಾನ್‌ಸ್ಕ್ರಿಟ್ ಡಾಕ್ಯುಮೆಂಟ್ಸ್ ಎಂಬ ಸಂಗ್ರಹದಲ್ಲಿ, ದೇಶದೇಶಗಳ ಸ್ವಯಂಸೇವಕರು ಬೆರಳಚ್ಚಿಸಿ ತಿದ್ದಿದ ಸ್ತೋತ್ರಗಳು ಕನ್ನಡ ಲಿಪಿಯಲ್ಲಿಯೂ ದೊರೆಯುತ್ತವೆ.

ಈ ತಿದ್ದುವ ಕೆಲಸವೆಂದರೇನೆಂಬುದನ್ನು ಬಲ್ಲವರು ಕಡಮೆ. ಯೂನಿಕೋಡ್ ಬರುವುದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಅಚ್ಚು ಜೋಡಿಸಿದ ಕನ್ನಡವನ್ನು ಹೊಸ ಸಂಕೇತಕ್ಕೆ ತಿರುಗಿಸುವಾಗ ಅರ್ಕಾವೊತ್ತು ತನ್ನ ಜಾಗವನ್ನು ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿ ಕುಳಿತುಬಿಡುವುದುಂಟು; 'ಧರ್ಮ' ಒಡೆದು ಏನೋ ಆಗುತ್ತದೆ. ಮುದ್ರಿತ ಪುಟದ ಚಿತ್ರವನ್ನು ಯಂತ್ರವೇ ಓದಿ ಅಕ್ಷರವಾಗಿಸುವಾಗ ಮಹಾಪ್ರಾಣದ ಸಣ್ಣ ಸೀಳು ಅದರ ಕಣ್ಣಿಗೆ ಬೀಳದೆ 'ಧ್ಯಾನ' 'ದ್ಯಾನ'ವಾಗುತ್ತದೆ, 'ವಿಧಿ' 'ವಿದಿ'ಯಾಗುತ್ತದೆ. ಇಂತಹ ತಪ್ಪನ್ನು ಹಿಡಿಯುವ ಒಂದು ನಂಬಿಕೆಯ ಉಪಾಯವೆಂದರೆ, ಒಂದೇ ಪಠ್ಯವನ್ನು ಇಬ್ಬರು ಬೇರೆ ಬೇರೆಯಾಗಿ ಬೆರಳಚ್ಚಿಸಿ, ಎರಡನ್ನೂ ಯಂತ್ರದಿಂದ ಹೋಲಿಸಿ ನೋಡುವುದು. ಇಬ್ಬರೂ ಒಂದೇ ಕಡೆ ಒಂದೇ ತಪ್ಪು ಮಾಡುವುದು ಅಪೂರ್ವವಾದುದರಿಂದ, ಭೇದ ಕಂಡಲ್ಲಿ ಮೂಲವನ್ನು ನೋಡಿದರೆ ಸಾಕು. ಆದರೆ ಛಂದಸ್ಸು ಕೆಟ್ಟುದನ್ನು ಕಿವಿಯಿಂದಲೇ ಹಿಡಿಯಬಲ್ಲ, ಗಾದೆಯ ಪದವನ್ನು ಪಂಡಿತನ ಪದವಾಗಿ ತಿದ್ದಿ ಕೆಡಿಸದಿರುವ ಓದುಗನ ಕೆಲಸ ಯಂತ್ರದಿಂದ ಆಗತಕ್ಕದ್ದಲ್ಲ. ನಮ್ಮ ಈ ತಾಲ್ಲೂಕುಗಳಲ್ಲಿ ನಿವೃತ್ತರಾಗಿ ಮನೆಯಲ್ಲಿರುವ ಕನ್ನಡ ಪಂಡಿತರೂ ಸಂಸ್ಕೃತ ಮೇಷ್ಟರೂ ಎಷ್ಟು ಜನ! ದಿನಕ್ಕೆ ಎರಡು ಪುಟ ನೋಡಿಕೊಟ್ಟರೂ ವರ್ಷಕ್ಕೆ ಒಂದು ದೊಡ್ಡ ಗ್ರಂಥ ಶುದ್ಧವಾಗುತ್ತದೆ.

ಮೂರನೆಯದೊಂದು ಸೇವೆಯುಂಟು, ಅದಕ್ಕೆ ಹೆಸರೇ ಇಲ್ಲ. ಗುಂಪಿನಲ್ಲಿ ಪ್ರತಿದಿನ ಬರುತ್ತಿದ್ದವರು ಎರಡು ವಾರ ಕಾಣದಿದ್ದರೆ ಫೋನು ಮಾಡಿ ವಿಚಾರಿಸುವುದು, ಗಂಡನನ್ನು ಕಳೆದುಕೊಂಡವರ ಮಾತನ್ನು ರಾತ್ರಿ ಹತ್ತು ಗಂಟೆಯಲ್ಲಿ ಕೇಳುವುದು, ಮಕ್ಕಳು ಪರದೇಶದಲ್ಲಿದ್ದು ಒಂಟಿಯಾಗಿರುವ ದಂಪತಿಗಳಿಗೆ ಹಬ್ಬದ ದಿನ ನೆನಪಿನಿಂದ ಎರಡು ಮಾತಾಡುವುದು. ಈ ಕೆಲಸದಲ್ಲಿ ಕರುಣೆಯಷ್ಟೇ ಮಿತಿಯ ಅರಿವೂ ಬೇಕು. ಸ್ವಯಂಸೇವಕ ವೈದ್ಯನಲ್ಲ. ಒಬ್ಬರ ಮಾತಿನಲ್ಲಿ ಬದುಕಿನ ಬಗೆಗೆ ತೀರ ಹತಾಶೆ ಕಂಡರೆ ಶ್ಲೋಕವನ್ನು ಹೇಳಿ ಸುಮ್ಮನಾಗದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡುವಂತೆ ಒಪ್ಪಿಸಿ, ಮನೆಯವರಿಗೂ ತಿಳಿಸುವುದೇ ಧರ್ಮ. 2022ರ ಅಕ್ಟೋಬರ್ ತಿಂಗಳಿನಲ್ಲಿ ಆರಂಭವಾದ ಈ ಸೇವೆ ಶುಲ್ಕವಿಲ್ಲದ್ದು. ಒಬ್ಬರು ವಿಶ್ವಾಸದಿಂದ ಹೇಳಿಕೊಂಡ ಸಂಕಟವನ್ನು, 'ಇವರಿಗಾಗಿ ಎಲ್ಲರೂ ಪ್ರಾರ್ಥಿಸಿ' ಎಂಬ ನೆಪದಲ್ಲಿ ಗುಂಪಿನಲ್ಲಿ ಪ್ರಕಟಿಸುವುದು ಮಾತ್ರ ಎಂದಿಗೂ ಸಲ್ಲದು.

ಕೇಡಿಗೂ ಇಲ್ಲಿ ಬಾಗಿಲು ತೆರೆದೇ ಇರುತ್ತದೆ. ಭಕ್ತರ ಗುಂಪೆಂದರೆ ಪರಸ್ಪರ ನಂಬುವವರ ಗುಂಪು. ನಂಬಿಕೆಯಿರುವೆಡೆಗೆ ವಂಚಕ ಮೊದಲು ಬರುತ್ತಾನೆ. ಸ್ವಾಮಿಗಳ ಭಾವಚಿತ್ರವನ್ನೇ ಮುಖಕ್ಕೆ ಹಚ್ಚಿಕೊಂಡು, ಅನ್ನದಾನಕ್ಕೆಂದು ಕ್ಯೂಆರ್ ಕೋಡ್ ಕಳಿಸುವ ಅಪರಿಚಿತ ನಂಬರುಗಳನ್ನು ಕಂಡೊಡನೆ ತೆಗೆದುಹಾಕಿ ಎಲ್ಲರನ್ನೂ ಎಚ್ಚರಿಸುವುದು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿಸುವುದು ಗುಂಪಿನ ಅಡ್ಮಿನ್ ಆದವನ ಕರ್ತವ್ಯ. ಮೂಲಿಕೆಯಿಂದ ಸಕಲ ರೋಗವೂ ವಾಸಿಯೆನ್ನುವ ಫಾರ್ವರ್ಡುಗಳನ್ನೂ, ಚುನಾವಣೆ ಬಂದಾಗ ಸತ್ಸಂಗವನ್ನು ಪ್ರಚಾರಸಭೆ ಮಾಡಹೊರಡುವ ಉತ್ಸಾಹಿಗಳನ್ನೂ ತಡೆಯಬೇಕಾದವನು ಅವನೇ. ಇದಕ್ಕಾಗಿ ಅವನಿಗೆ ದೊರೆಯುವುದು ಸಾಮಾನ್ಯವಾಗಿ ಬೈಗುಳು. ಸದಸ್ಯರ ವಿಳಾಸ, ಜನ್ಮನಕ್ಷತ್ರ, ಫೋನ್ ನಂಬರುಗಳ ಪಟ್ಟಿ ಒಂದು ನ್ಯಾಸವೆಂದು ತಿಳಿಯಬೇಕು. ಅದನ್ನು ಇನ್ನೊಬ್ಬರಿಗೆ ದಾಟಿಸುವ ಹಕ್ಕು ಅವನಿಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ತೆರೆಯೊಳಗಿನ ಈ ಸೇವೆ ತೆರೆಯ ಆಚೆಯ ನೆರೆಯವನನ್ನು ಮರೆಯಿಸುವುದಿಲ್ಲವೆ? ಇದಕ್ಕೆ ಹೆಗ್ಗಡದೇವನಕೋಟೆಯ ಸೀಮೆಯನ್ನು ನೋಡಬೇಕು. ವಿವೇಕಾನಂದರ ಬರಹಗಳಿಂದ ಪ್ರೇರಿತರಾದ ಮೈಸೂರಿನ ವೈದ್ಯವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ, 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬ, ಕಾಡುಕುರುಬರ ಹಾಡಿಗಳಲ್ಲಿ ಚಿಕಿತ್ಸೆಯಿಂದ ತೊಡಗಿದ ಅವರ ಕೆಲಸ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯಾಗಿಯೂ, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯಾಗಿಯೂ ಬೆಳೆಯಿತು. ಓದಿದುದು ಪುಸ್ತಕವನ್ನು, ಹೋಗಿ ನಿಂತದ್ದು ಹಾಡಿಯ ಮುಂದೆ. ಆನ್‌ಲೈನ್ ಸತ್ಸಂಗದ ಸ್ವಯಂಸೇವಕರು ಇದರಿಂದ ಕಲಿಯತಕ್ಕ ಪಾಠ ಸ್ಪಷ್ಟವಾಗಿದೆ. ಕಾಡಂಚಿನ ಎಷ್ಟೋ ಕಡೆ ಇಂದಿಗೂ ಸಿಗ್ನಲ್ ಸರಿಯಾಗಿ ಸಿಕ್ಕುವುದಿಲ್ಲ. ಸಿಕ್ಕಿದರೂ ಮನೆಗೊಂದೇ ಫೋನು, ಅದೂ ಕೂಲಿಗೆ ಹೋದವನ ಜೇಬಿನಲ್ಲಿ. ಜಗತ್ತಿಗೆಲ್ಲ ತೆರೆದಿದೆಯೆಂದು ಹೇಳಿಕೊಳ್ಳುವ ಸಭೆಗೆ ಪಕ್ಕದ ಬೀದಿಯ ಮುದುಕ ಬರಲಾರದೆ ಇರುವಾಗ, ವಾರಕ್ಕೊಮ್ಮೆ ಫೋನನ್ನು ಹಿಡಿದು ಅವನ ಜಗುಲಿಗೆ ಹೋಗಿ ನಾಲ್ಕಾರು ಜನರಿಗೆ ಒಟ್ಟಿಗೆ ಕೇಳಿಸುವವನು, ಸಾವಿರ ಲಿಂಕುಗಳನ್ನು ಕಳಿಸಿದವನಿಗಿಂತ ದೊಡ್ಡ ಸೇವೆಯನ್ನು ಮಾಡಿದವನು.

ಈ ಸೇವೆಗೆ ತೊಡಗಬೇಕೆನ್ನುವವರು ದೊಡ್ಡ ಸಂಕಲ್ಪದಿಂದ ಆರಂಭಿಸಬೇಕಾದುದಿಲ್ಲ. ತಮಗೆ ನಿಜವಾಗಿ ಶ್ರದ್ಧೆಯಿರುವ ಗುಂಪೊಂದನ್ನು ಆರಿಸಿಕೊಂಡು, ತಮಗೆ ಬರುವ ಒಂದೇ ಕೆಲಸವನ್ನು, ಬೆರಳಚ್ಚೋ, ತಿದ್ದುವುದೋ, ಭಾಷಾಂತರವೋ, ಹೊಸಬರಿಗೆ ಫೋನು ಕಲಿಸುವುದೋ ಯಾವುದಾದರೊಂದನ್ನು, ವಾರಕ್ಕೆ ಇಷ್ಟು ಹೊತ್ತೆಂದು ಗೊತ್ತುಮಾಡಿಕೊಂಡು ಒಪ್ಪಿಕೊಂಡರೆ ಸಾಕು. ಹಣದ ಲೆಕ್ಕವನ್ನು ತೋರಿಸದ, ಪ್ರಶ್ನೆ ಕೇಳಿದವರನ್ನು ಗುಂಪಿನಿಂದ ತೆಗೆದುಹಾಕುವ, ಮನೆಯ ಊಟನಿದ್ರೆಗಳಿಗೂ ಬಿಡುವು ಕೊಡದಷ್ಟು ದುಡಿಸಿಕೊಂಡು ಅದನ್ನೇ ಸಾಧನೆಯೆಂದು ಹೊಗಳುವ ಗುಂಪುಗಳಿಂದ ದೂರವಿರುವುದು ಲೇಸು.

ಎಲ್ಲಕ್ಕಿಂತ ಸೂಕ್ಷ್ಮವಾದ ಅಪಾಯ ಸ್ವಯಂಸೇವಕನೊಳಗೇ ಇದೆ. ಯಾರನ್ನು ಒಳಗೆ ಬಿಡಬೇಕು, ಯಾರ ಬಾಯಿ ಮುಚ್ಚಿಸಬೇಕು, ಯಾರನ್ನು ಹೊರಗೆ ಹಾಕಬೇಕು ಎಂಬ ಅಧಿಕಾರವನ್ನು ಒಂದು ಗುಂಡಿಯ ಮೂಲಕ ಪಡೆದವನಿಗೆ, ತಾನು ಬಾಗಿಲು ಕಾಯುವವನೆಂಬುದು ಮರೆತು ತಾನೇ ಮಠಾಧಿಪತಿಯೆಂಬ ಭ್ರಮೆ ಹುಟ್ಟುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಉಡುಪಿಯಲ್ಲಿ ಕೃಷ್ಣನ ಪೂಜೆ ಎಂಟು ಮಠಗಳಿಗೆ ಎರಡೆರಡು ವರ್ಷಗಳ ಪರ್ಯಾಯವಾಗಿ ಸಲ್ಲುವಂತೆ ಏರ್ಪಡಿಸಿದ ಹಿರಿಯರಿಗೆ ಮನುಷ್ಯಸ್ವಭಾವದ ಅರಿವಿತ್ತು. ಪೂಜೆಯಂತಹ ಪವಿತ್ರವಾದ ಅಧಿಕಾರಕ್ಕೇ ಕಾಲದ ಎಲ್ಲೆಯಿರಬೇಕಾದರೆ ಒಂದು ಪಾಸ್‌ವರ್ಡಿಗೆ ಇರಬೇಡವೆ? ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಸ್ಟಿನ ಕೆಲಸ ಕೈಬದಲಾಗಲಿ; ಬಿಟ್ಟುಕೊಡುವವನು ಹೊಸಬನಿಗೆ ಎಲ್ಲವನ್ನೂ ಕಲಿಸಿಕೊಟ್ಟು, ಮರುದಿನದಿಂದ ತಾನೂ ಮೈಕ್ ಮುಚ್ಚಿ ಸಾಲಿನಲ್ಲಿ ಕುಳಿತು ಪಾರಾಯಣ ಮಾಡಲಿ. ತಾನಿಲ್ಲದೆಯೂ ಸಭೆ ಸುಸೂತ್ರವಾಗಿ ನಡೆಯುವುದನ್ನು ಕಂಡು ಅವನಿಗೆ ಸಂತೋಷವಾದರೆ ಮಾಡಿದ್ದು ಸೇವೆ; ಅಸಮಾಧಾನವಾದರೆ, ಇನ್ನೂ ಕಲಿಯಬೇಕಾದುದುಂಟೆಂದು ತಿಳಿದು, ಪುನಃ ಮೊದಲಿನಿಂದ ಲಿಂಕ್ ಕಳಿಸುವ ಕೆಲಸಕ್ಕೇ ಹೋಗಬಹುದು.